ನಿದ್ದೆಯಿಂದ ಮಾತು ಶುರು ಮಾಡಿ: ಹರೆಯದ ಮಕ್ಕಳಲ್ಲಿ ಸೈಕೋಸಿಸ್ ಕಾಣಿಸಿಕೊಂಡಾಗ ಮನೆಯವರು ಮಾಡಬಹುದಾದದ್ದು

2017ರ ಜೂನ್‌ನಲ್ಲಿ ನನ್ನ ತಮ್ಮ ಬಸ್ ಹತ್ತುವುದನ್ನು ಬಿಟ್ಟ. ಉಡುಪಿಯಲ್ಲಿ ಬಿ.ಕಾಂ. ಓದುತ್ತಿದ್ದ, ವಯಸ್ಸು 20. ನಮ್ಮ ಮನೆ ಕಟಪಾಡಿಯಿಂದ ಸ್ವಲ್ಪ ಒಳಗೆ. ಅಷ್ಟು ದೂರ, ಮಳೆಯಲ್ಲಿ ನೆನೆದು, ಹೆದ್ದಾರಿ ಬದಿಯಲ್ಲಿ ನಡೆದುಕೊಂಡು ಮನೆಗೆ ಬರುತ್ತಿದ್ದ. "ಪಾಪ, ಬಸ್ಸಿನ ದುಡ್ಡು ಉಳಿಸ್ತಿದ್ದಾನೆ" ಅಂದರು ಅಮ್ಮ. ನಾನೂ ನಂಬಿದೆ. ಕಾರಣ ಗೊತ್ತಾದದ್ದು ಎಷ್ಟೋ ತಿಂಗಳ ನಂತರ. ಕಂಡಕ್ಟರ್ ಊದುವ ವಿಸಿಲ್ ತನ್ನ ಬಗ್ಗೆಯೇ ಅಂತ ಅವನಿಗೆ ಅನ್ನಿಸಿತ್ತು. ಒಂದು ವಿಸಿಲ್ ಅಂದರೆ 'ಇವನು ಹತ್ತಿದ'. ಎರಡು ವಿಸಿಲ್ ಅಂದರೆ 'ಇವನನ್ನು ಬಿಡಬೇಡಿ'. ನಮ್ಮ ಕಡೆಯ ಬಸ್ಸುಗಳಲ್ಲಿ ಸ್ಟಾಪ್ ಸ್ಟಾಪಿಗೂ ವಿಸಿಲ್. ಅವನು ಎಷ್ಟು ಹೆದರಿದ್ದಿರಬೇಕು ಅಂತ ಈಗ ನೆನೆಸಿದರೂ ಕರುಳು ಚುರ್ ಅನ್ನುತ್ತದೆ.

ನಾವು ಮನೋವೈದ್ಯರ ಎದುರು ಹೋಗಿ ಕೂತದ್ದು 2018ರ ಜನವರಿಯಲ್ಲಿ. ಏಳು ತಿಂಗಳು ಹೋಯಿತು. ಆ ಏಳು ತಿಂಗಳು ನಾವೇನೂ ಕೈಕಟ್ಟಿ ಕೂತಿರಲಿಲ್ಲ. ಬೈದೆವು, ಅತ್ತೆವು, ಹರಕೆ ಹೇಳಿಕೊಂಡೆವು. ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದರೆ "ಪರೀಕ್ಷೆ ಟೆನ್ಷನ್" ಅಂತ ವಿಟಮಿನ್ ಮಾತ್ರೆ ಕೊಟ್ಟು ಕಳಿಸಿದರು. ಒಂದನ್ನು ಮಾತ್ರ ಮಾಡಲಿಲ್ಲ. ಅವನಿಗೆ ಏನು ಕಷ್ಟ ಆಗ್ತಿದೆ ಅಂತ ಅವನನ್ನೇ ಕೇಳಲಿಲ್ಲ.

ನಿಮ್ಮ ಮನೆಯಲ್ಲಿ ಹೀಗೇನಾದರೂ ಶುರುವಾಗಿದ್ದರೆ ಆ ಏಳು ತಿಂಗಳು ನಿಮಗೆ ಬೇಡ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಒಂದು ಸಹಕಾರಿ ಸಂಘದಲ್ಲಿ ಕ್ಲರ್ಕ್. ಬರೆದದ್ದನ್ನು ತಮ್ಮನಿಗೆ ಓದಿ ಹೇಳಿದ್ದೇನೆ. ಎರಡು ಕಡೆ ತೆಗೆಸಿದ, ಒಂದು ಕಡೆ ಸೇರಿಸಿದ.

ಮೊದಲು ಏನು ಕಾಣುತ್ತದೆ

ಸೈಕೋಸಿಸ್ ಅಂದರೆ ಯಾವುದು ನಿಜ, ಯಾವುದು ಮನಸ್ಸಿನೊಳಗೆ ನಡೆಯುತ್ತಿರುವುದು ಅಂತ ಬೇರೆ ಮಾಡಿ ನೋಡುವುದು ಕಷ್ಟವಾಗುವ ಸ್ಥಿತಿ. ಯಾರೂ ಇಲ್ಲದಿದ್ದರೂ ದನಿ ಕೇಳಬಹುದು. ಯಾರೋ ಹಿಂಬಾಲಿಸುತ್ತಿದ್ದಾರೆ, ವಿಷ ಹಾಕಿದ್ದಾರೆ, ಟಿವಿಯವರು ನನ್ನ ಬಗ್ಗೆಯೇ ಹೇಳುತ್ತಿದ್ದಾರೆ ಅಂತ ಗಟ್ಟಿಯಾಗಿ ಅನ್ನಿಸಬಹುದು. ಆಡುವ ಮಾತಿನ ಎಳೆ ತಪ್ಪಬಹುದು. ನೂರರಲ್ಲಿ ಸುಮಾರು 3 ಜನಕ್ಕೆ ಜೀವನದಲ್ಲಿ ಒಂದು ಸಲವಾದರೂ ಹೀಗಾಗುತ್ತದೆ. ಹೆಚ್ಚಾಗಿ ಶುರುವಾಗುವುದು ಹದಿನಾರರಿಂದ ಮೂವತ್ತರ ಒಳಗೆ. ಪಿಯುಸಿ, ಡಿಗ್ರಿ, ಮೊದಲ ಕೆಲಸ, ಮೊದಲ ಮಗು, ಎಲ್ಲ ಬರುವ ಪ್ರಾಯ.

ಆದರೆ ದನಿ ಕೇಳುವುದು ಮೊದಲಿಗೇ ಬರುವುದಿಲ್ಲ. ಅದಕ್ಕಿಂತ ಮುಂಚೆ ಸಣ್ಣ ಸಣ್ಣ ಬದಲಾವಣೆ ಬರುತ್ತದೆ, ಅದನ್ನೇ ನಾವು ತಪ್ಪಾಗಿ ಓದುತ್ತೇವೆ. ತಮ್ಮ ರಾತ್ರಿ ಮೂರು ಗಂಟೆಗೆ ಅಂಗಳದಲ್ಲಿ ನಡೆಯುತ್ತಿದ್ದ. ಫೋನ್ ಚಟ ಅಂದುಕೊಂಡೆವು. ಸ್ನಾನ ಬಿಟ್ಟ. ಸೋಮಾರಿತನ ಅಂದೆವು. ಕ್ರಿಕೆಟ್ ಆಡುವ ಹುಡುಗರು ಕರೆದರೂ ಹೋಗಲಿಲ್ಲ. ಪ್ರೀತಿ ಗೀತಿ ಇರಬೇಕು ಅಂದರು ಚಿಕ್ಕಮ್ಮ. ಒಂದು ದಿನ ತನ್ನ ಕೋಣೆಯ ಕಿಟಕಿಗೆ ಹಳೆ ಪೇಪರ್ ಅಂಟಿಸಿದ. ಅನ್ನದ ಗಂಜಿಯನ್ನೇ ಅಂಟು ಮಾಡಿಕೊಂಡಿದ್ದ. ಮೂಲೆ ಮೂಲೆಗೂ ಬೆರಳಿನಿಂದ ಒತ್ತಿ, ಬೆಳಕು ಬರುತ್ತದಾ ಅಂತ ಹೊರಗೆ ಹೋಗಿ ನೋಡಿ, ಮತ್ತೆ ಒಳಗೆ ಬಂದು ಇನ್ನೊಂದು ಪೇಪರ್ ಅಂಟಿಸುತ್ತಿದ್ದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. "ಸೆಕೆ ಆಗಲ್ವಾ?" ಅಂತ ಕೇಳಿದೆ. ಅವನು ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ನನ್ನನ್ನು ಗುರುತು ಹಿಡಿಯಬೇಕೋ ಬೇಡವೋ ಅಂತ ಲೆಕ್ಕ ಹಾಕುವ ಹಾಗಿತ್ತು.

ಇವುಗಳಲ್ಲಿ ಒಂದೊಂದೇ ಇದ್ದರೆ ಹರೆಯದ ಎಲ್ಲ ಮಕ್ಕಳಲ್ಲೂ ಇರುತ್ತದೆ. ನಿದ್ದೆ ಹಾಳಾಗಿದೆ, ಗೆಳೆಯರನ್ನು ಬಿಟ್ಟಿದ್ದಾನೆ, ಮಾರ್ಕ್ಸ್ ಬಿದ್ದಿದೆ, ಸಂಶಯ ಜಾಸ್ತಿಯಾಗಿದೆ, ಇವೆಲ್ಲ ಒಟ್ಟಿಗೆ ಬಂದು ಎರಡು ವಾರ ಮೀರಿದರೆ ಕಾಯಬೇಡಿ. "ಇದು ಮೊದಲಿನ ನಮ್ಮ ಹುಡುಗ ಅಲ್ಲ" ಅಂತ ತಾಯಿಗೆ ಅನ್ನಿಸಿದರೆ ಅದನ್ನು ನಂಬಿ. ನನ್ನ ಅನುಭವದಲ್ಲಿ ಅದು ಸುಳ್ಳಾದದ್ದು ಕಡಿಮೆ.

ಯಾಕೆ ಇಷ್ಟು ಅವಸರ? ಚಿಕಿತ್ಸೆ ಇಲ್ಲದೆ ಕಳೆದ ದಿನಗಳು ಜಾಸ್ತಿ ಆದಷ್ಟು ಚೇತರಿಕೆ ನಿಧಾನ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. 1992ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಪ್ಯಾಟ್ರಿಕ್ ಮೆಕ್‌ಗೋರಿ ಎಂಬ ಮನೋವೈದ್ಯರು ಮತ್ತು ಜೊತೆಯವರು ಹರೆಯದವರ ಮೊದಲ ಸೈಕೋಸಿಸ್‌ಗಾಗಿಯೇ ಬೇರೆ ಕೇಂದ್ರ ಶುರು ಮಾಡಿದ್ದು ಇದೇ ಕಾರಣಕ್ಕೆ. ಕಾಯಿಲೆಯ ಜೊತೆಗೇ ಓದು, ಗೆಳೆತನ, ಮನೆಯವರ ನಂಬಿಕೆ ಕೂಡ ಒಂದೊಂದೇ ಕಳಚಿ ಹೋಗುತ್ತದೆ. ಕಾಯಿಲೆ ಗುಣವಾದ ಮೇಲೂ ಅದನ್ನು ಮತ್ತೆ ಕಟ್ಟಲು ವರ್ಷಗಳು ಬೇಕು.

ಒಂದು ನೋಟ್‌ಬುಕ್ ತನ್ನಿ

ಇವತ್ತೇ ತನ್ನಿ. 100 ಪುಟದ್ದು ಸಾಕು. ದಿನಾಂಕ ಹಾಕಿ ಬರೆಯಿರಿ: ಎಷ್ಟು ಹೊತ್ತಿಗೆ ಮಲಗಿದ, ಎಷ್ಟು ಹೊತ್ತಿಗೆ ಎದ್ದ, ಊಟ ಮಾಡಿದನಾ, ಸ್ನಾನ ಆಯಿತಾ, ಏನಾದರೂ ಬೇರೆ ರೀತಿಯ ಮಾತು ಆಡಿದನಾ. ಅವನು ಆಡಿದ ಮಾತನ್ನು ಹಾಗೇ ಬರೆಯಿರಿ, ನಿಮ್ಮ ಅರ್ಥ ಸೇರಿಸಬೇಡಿ. "ಹುಚ್ಚುಹುಚ್ಚಾಗಿ ಮಾತಾಡಿದ" ಅಂತ ಬರೆದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. "ಪಕ್ಕದ ಮನೆ ಪಂಪು ನನ್ನ ಹೆಸರು ಹೇಳ್ತದೆ ಅಂದ" ಅಂತ ಬರೆದರೆ ಎಲ್ಲ ಗೊತ್ತಾಗುತ್ತದೆ. ನಾವು ಮೊದಲ ಸಲ ಹೋದಾಗ ನಾನೂ ಅಮ್ಮನೂ ಎರಡು ಬೇರೆ ಕಥೆ ಹೇಳಿದೆವು. ಯಾವುದು ಯಾವಾಗ ಶುರುವಾಯಿತು ಅಂತ ಇಬ್ಬರಿಗೂ ನೆನಪಿರಲಿಲ್ಲ. ಎರಡನೇ ಸಲಕ್ಕೆ ನೋಟ್‌ಬುಕ್ ಇತ್ತು. ಡಾಕ್ಟರ್ ಮೊದಲು ನಿದ್ದೆಯ ಲೆಕ್ಕ ನೋಡಿದರು.

ಇದು ಪತ್ತೇದಾರಿಕೆ ಅಲ್ಲ. ಅವನ ಫೋನ್, ಡೈರಿ ಮುಟ್ಟಬೇಡಿ. ಮೊದಲೇ ಯಾರೋ ಹಿಂದೆ ಬಿದ್ದಿದ್ದಾರೆ ಅಂತ ಹೆದರಿದ ಹುಡುಗನಿಗೆ ಮನೆಯವರೇ ಫೋನ್ ತಿರುಗಿಸುವುದು ಗೊತ್ತಾದರೆ ಮತ್ತೆ ಯಾರನ್ನು ನಂಬುತ್ತಾನೆ?

ಮಾತು ಹೇಗೆ ತೆಗೆಯುವುದು

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಮನೆಯವರು ಹೆಚ್ಚಾಗಿ ಎಡವುವುದೂ ಇಲ್ಲೇ.

ನಾವು ಏನು ಮಾಡುತ್ತಿದ್ದೆವು? "ನಿಂಗೆ ಏನೋ ಆಗಿದೆ, ಡಾಕ್ಟರ್ ಹತ್ರ ಬಾ" ಅನ್ನುತ್ತಿದ್ದೆವು. ಅವನು "ನಂಗೇನೂ ಆಗಿಲ್ಲ, ನಿಮಗೇ ಆಗಿದೆ" ಅನ್ನುತ್ತಿದ್ದ. ಅವನು ಹಟಕ್ಕೆ ಹೇಳುತ್ತಿರಲಿಲ್ಲ. ತನಗೆ ಕಾಯಿಲೆ ಇದೆ ಅಂತ ತಿಳಿಯುವ ಶಕ್ತಿಯನ್ನೇ ಈ ಕಾಯಿಲೆ ಎಷ್ಟೋ ಜನರಲ್ಲಿ ಕುಂದಿಸುತ್ತದೆ. ವಿಸಿಲ್ ನಿಜ ಅಂತಲೇ ಅವನಿಗೆ ಕೇಳುತ್ತಿತ್ತು. ಅದನ್ನು ಇಲ್ಲ ಅಂದವರೆಲ್ಲ ಆ ಕಡೆಯವರು ಅಂತ ಅನ್ನಿಸುತ್ತಿತ್ತು.

ಹಾಗಾಗಿ ಕಾಯಿಲೆಯನ್ನು ಒಪ್ಪಿಸಲು ಹೋಗಬೇಡಿ. ಅದು ಬೇಕಾಗಿಯೂ ಇಲ್ಲ. ಅವನಿಗೇ ಕಷ್ಟ ಅನ್ನಿಸುವ ಒಂದು ವಿಷಯ ಹುಡುಕಿ. ಹೆಚ್ಚಿನವರಿಗೆ ಅದು ನಿದ್ದೆ. ಕೆಲವರಿಗೆ ಹೆದರಿಕೆ, ಕೆಲವರಿಗೆ ಓದಿದ್ದು ತಲೆಗೆ ಹೋಗದಿರುವುದು. ನನಗೆ ಇದು ತಿಳಿದದ್ದು ಅಕಸ್ಮಾತ್ತಾಗಿ. ಜನವರಿಯ ಒಂದು ರಾತ್ರಿ ನಾನು ನೀರು ಕುಡಿಯಲು ಎದ್ದಾಗ ಅವನು ಜಗಲಿಯಲ್ಲಿ ಕೂತಿದ್ದ. ನಾನೂ ಹೋಗಿ ಸ್ವಲ್ಪ ದೂರದಲ್ಲಿ ಕೂತೆ. ತುಂಬ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ ಹೇಳಿದ, "ಅಕ್ಕ, ನಂಗೆ ಒಂದು ರಾತ್ರಿ ಸರಿಯಾಗಿ ಮಲಗಿದರೆ ಸಾಕಿತ್ತು." ಆಗ ಕೇಳಿದೆ, "ನಿದ್ದೆಗೆ ಒಬ್ಬರು ಡಾಕ್ಟರನ್ನು ಕೇಳೋಣವಾ? ನಾನೂ ಬರ್ತೇನೆ. ಹೊರಗೆ ಬೇಕಾದರೆ ಹೊರಗೆ ಕೂತಿರ್ತೇನೆ." ಒಪ್ಪಿದ. ಏಳು ತಿಂಗಳ ಜಗಳದಲ್ಲಿ ಆಗದ್ದು ಅಷ್ಟರಲ್ಲಿ ಆಯಿತು.

ಒಂದು ಎಚ್ಚರಿಕೆ. ನಿದ್ದೆಯ ಹೆಸರು ಹೇಳಿ ಮೋಸ ಮಾಡಬೇಡಿ. "ಅಜ್ಜಿಯ ಕಣ್ಣು ತೋರಿಸಲು ಹೋಗುವಾ" ಅಂತ ಹೇಳಿ ಮನೋವೈದ್ಯರ ಬಾಗಿಲಿಗೆ ಕರೆದುಕೊಂಡು ಹೋದರೆ ಅದೇ ಕೊನೆಯ ಸಲ. ನಾನು ಅವನಿಗೆ ಮೊದಲೇ ಹೇಳಿದ್ದೆ, "ಅವರು ಮನಸ್ಸಿನ ಡಾಕ್ಟರ್. ನಿದ್ದೆಗೆ ಅವರೇ ನೋಡುವುದು." ಅವನು ಸ್ವಲ್ಪ ಯೋಚಿಸಿದ, ಆದರೂ ಬಂದ. ಹಾಗೆಯೇ ಸಾಂಬಾರಿನಲ್ಲಿ, ಚಹಾದಲ್ಲಿ ಮಾತ್ರೆ ಬೆರೆಸಿ ಕೊಡಿ ಅಂತ ಹೇಳುವವರು ಸಿಗುತ್ತಾರೆ. ನಮಗೂ ಒಬ್ಬರು ತಂದುಕೊಟ್ಟಿದ್ದರು. ಅಮ್ಮ ಒಮ್ಮೆ ಮಾಡಿದರು. ಅವನಿಗೆ ರುಚಿ ಗೊತ್ತಾಯಿತು. ನಾಲ್ಕು ದಿನ ಮನೆಯಲ್ಲಿ ಏನೂ ಮುಟ್ಟಲಿಲ್ಲ, ಅಂಗಡಿಯ ಬಿಸ್ಕೆಟ್ ಪ್ಯಾಕೆಟ್ ತಾನೇ ಒಡೆದು ತಿಂದ. ವಿಷ ಹಾಕುತ್ತಾರೆ ಅಂತ ಅವನಿಗಿದ್ದ ಸಂಶಯಕ್ಕೆ ನಾವೇ ಸಾಕ್ಷಿ ಕೊಟ್ಟ ಹಾಗಾಯಿತು.

ದನಿ, ಸಂಶಯದ ಬಗ್ಗೆ ಅವನೇ ಮಾತು ತೆಗೆದರೆ ವಾದ ಬೇಡ, ಹೌದು ಹೌದು ಅನ್ನುವುದೂ ಬೇಡ. ನಾನು ಹೇಳಲು ಕಲಿತ ಮಾತು ಹೀಗೆ: "ನಂಗೆ ಅದು ಕೇಳಿಸ್ತಾ ಇಲ್ಲ. ಆದ್ರೆ ನಿಂಗೆ ಕೇಳಿಸ್ತಿದೆ ಅಂತ ಗೊತ್ತು. ಹೆದರಿಕೆ ಆಗ್ತಿದೆಯಾ?" ಪದಕ್ಕೆ ಉತ್ತರ ಕೊಡಬೇಡಿ, ಹೆದರಿಕೆಗೆ ಕೊಡಿ. ಟಿವಿ ಸಣ್ಣದು ಮಾಡಿ. ಮೂರು ಜನ ಸುತ್ತ ನಿಲ್ಲಬೇಡಿ, ಒಬ್ಬರೇ ಮಾತಾಡಿ. ಎದುರಿಗೆ ಕೂರುವುದಕ್ಕಿಂತ ಪಕ್ಕದಲ್ಲಿ ಕೂರುವುದು ಒಳ್ಳೆಯದು. ಕೈಯಲ್ಲಿ ಏನಾದರೂ ಕೆಲಸ ಇದ್ದರೆ ಇನ್ನೂ ಒಳ್ಳೆಯದು. ನಾವು ಹಲಸಿನ ಬೀಜ ಸುಲಿಯುತ್ತಾ ಎಷ್ಟೋ ಮಾತಾಡಿದ್ದೇವೆ.

ಎಲ್ಲಿಗೆ ಹೋಗುವುದು

ಎಲ್ಲಿಗೆ ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್ ಅಂತ, ಸರಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಮಗೆ ಆಗ ಅದು ಇರಲಿಲ್ಲ. ಕಾಯಿಲೆ ಇದ್ದವರೇ ಮಾತಾಡಬೇಕು ಅಂತಿಲ್ಲ. ಅಕ್ಕ, ಅಪ್ಪ, ಹಾಸ್ಟೆಲ್ಲಿನ ಗೆಳೆಯ, ಯಾರು ಬೇಕಾದರೂ ಕೇಳಬಹುದು.

ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಂಗಳೂರಿನವರಿಗೆ ವೆನ್‌ಲಾಕ್. ಎರಡರಲ್ಲೂ ಮನೋವೈದ್ಯರಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕೆಳಗೆ ಮಾತ್ರೆಯೂ ಉಚಿತ. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ 'ಮನೋಚೈತನ್ಯ' ಎಂಬ ವ್ಯವಸ್ಥೆಯೂ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡೇ ಹೋಗಿ, ಸುಮ್ನೆ ಬಸ್ ಖರ್ಚು ಬೇಡ. ಮಣಿಪಾಲ ಮತ್ತು ಮಂಗಳೂರಿನ ಕಸ್ತೂರ್ಬಾ ಮೆಡಿಕಲ್ ಕಾಲೇಜುಗಳಲ್ಲಿ (ಕೆಎಂಸಿ), ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳಲ್ಲಿ ದೊಡ್ಡ ವಿಭಾಗಗಳಿವೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಆಸ್ಪತ್ರೆ ಮನಸ್ಸಿನ ಕಾಯಿಲೆಗೇ ಹೆಸರಾದದ್ದು. ನಮ್ಮ ಕರಾವಳಿಯಲ್ಲಿ ಡಾಕ್ಟರಿಗೆ ಬರ ಇಲ್ಲ. ಬರ ಇರುವುದು ಬಾಗಿಲು ದಾಟುವ ಧೈರ್ಯಕ್ಕೆ. ಆ ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿದರೆ ಯಾರಾದರೂ ನೋಡಿ ತುಳುವಿನಲ್ಲಿ "ಆಯಗ್ ಮರ್ಲ್" (ಅವನಿಗೆ ಹುಚ್ಚು) ಅನ್ನುತ್ತಾರೆ ಅಂತ ಅಮ್ಮನಿಗೆ ಭಯ. ನಾವು ಒಂದು ಸ್ಟಾಪ್ ಮುಂದೆ ಇಳಿದು ನಡೆದು ಬಂದೆವು. ನಿಮಗೂ ಹಾಗೆ ಮಾಡಬೇಕು ಅನ್ನಿಸಿದರೆ ಮಾಡಿ. ಒಳಗೆ ಹೋಗುವುದು ಮುಖ್ಯ.

ಮೊದಲ ಸಲ ಹೋಗುವಾಗ ನೋಟ್‌ಬುಕ್, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಯ ಚೀಟಿ, ಕಷಾಯ ಲೇಹ್ಯ ಇದ್ದರೆ ಅದೂ ಇರಲಿ. ಕುಟುಂಬದಲ್ಲಿ ಯಾರಿಗಾದರೂ ಹೀಗಾಗಿತ್ತಾ ಅಂತ ಕೇಳುತ್ತಾರೆ. ಮುಚ್ಚಿಡಬೇಡಿ. ಗಾಂಜಾ ಸೇದಿದ್ದಾನಾ ಅಂತ ಕೇಳುತ್ತಾರೆ. ಈ ಪ್ರಶ್ನೆ ಬಂದಾಗ ಅಪ್ಪ ಅಮ್ಮ ಹೊರಗೆ ಹೋಗುವುದು ಒಳ್ಳೆಯದು. ಹುಡುಗ ಆಗ ನಿಜ ಹೇಳುತ್ತಾನೆ, ಡಾಕ್ಟರ್ ಅದನ್ನು ಗುಟ್ಟಾಗಿ ಇಡುತ್ತಾರೆ. ಗಾಂಜಾ ಸೈಕೋಸಿಸ್‌ನ ಅಪಾಯ ಹೆಚ್ಚಿಸುತ್ತದೆ. ಹರೆಯದಲ್ಲಿ, ದಿನಾ ಸೇದಿದರೆ ಇನ್ನೂ ಜಾಸ್ತಿ. ಥೈರಾಯ್ಡ್, ಸಕ್ಕರೆ, ಇನ್ನು ಕೆಲವು ರಕ್ತ ಪರೀಕ್ಷೆ ಬರೆಯುತ್ತಾರೆ, ಕೆಲವೊಮ್ಮೆ ತಲೆಯ ಸ್ಕ್ಯಾನ್. ದೇಹದ ಕಾಯಿಲೆಯಿಂದಲೂ ಹೀಗಾಗುವುದುಂಟು.

ಮೊದಲ ದಿನವೇ ಕಾಯಿಲೆಯ ಹೆಸರು ಹೇಳಿ ಅಂತ ಹಟ ಹಿಡಿಯಬೇಡಿ. ಸೈಕೋಸಿಸ್ ಬಂದವರೆಲ್ಲರಿಗೂ ಸ್ಕಿಜೋಫ್ರೇನಿಯಾ (ಹೆಚ್ಚಾಗಿ ದೀರ್ಘಕಾಲ ಉಳಿಯುವ ಮನಸ್ಸಿನ ಕಾಯಿಲೆ) ಅಲ್ಲ. ಕೆಲವರಿಗೆ ಒಮ್ಮೆ ಬಂದು ಹೋಗುತ್ತದೆ. ತಿಂಗಳುಗಟ್ಟಲೆ ನೋಡಿದ ಮೇಲೆ ತಿಳಿಯುವ ವಿಷಯ ಅದು.

ಹರಕೆ, ಪ್ರಶ್ನೆ

ನಮ್ಮ ಊರಿನಲ್ಲಿ ಈ ಮಾತು ಬಿಟ್ಟು ಬರೆದರೆ ಅರ್ಧ ಬರೆದ ಹಾಗೆ. ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಟ್ಟಾಗ ನಾಗನ ದೋಷ ತೋರುತ್ತದೆ, ಕುಲೆಯದ್ದು (ಸತ್ತವರ ಪ್ರೇತದ್ದು) ತೋರುತ್ತದೆ. ನಾವು ಆಶ್ಲೇಷ ಬಲಿ ಮಾಡಿಸಿದೆವು. ಅಮ್ಮ ನಮ್ಮ ಕಡೆಯ ದೈವ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದೆಲೆ ಹರಕೆ ಹೇಳಿಕೊಂಡರು. ಅದರಿಂದ ಅಮ್ಮನಿಗೆ ರಾತ್ರಿ ಸ್ವಲ್ಪ ಕಣ್ಣು ಮುಚ್ಚಲು ಆಯಿತು. ಅದನ್ನು ನಾನು ಸಣ್ಣದು ಮಾಡುವುದಿಲ್ಲ.

ಆದರೆ ಎರಡೂ ಒಟ್ಟಿಗೆ ನಡೆಯಲಿ. "ಪೂಜೆ ಮುಗಿಯಲಿ, ಆಮೇಲೆ ಆಸ್ಪತ್ರೆ" ಅಂತ ಸಾಲು ಹಚ್ಚಬೇಡಿ. ನಮ್ಮ ಏಳು ತಿಂಗಳಲ್ಲಿ ಮೂರು ತಿಂಗಳು ಹೋದದ್ದು ಹಾಗೆ. ದಿನ ನೋಡಬೇಕು, ಸೂತಕ ಕಳೆಯಬೇಕು, ಕುಟುಂಬದ ಎಲ್ಲರೂ ಸೇರಬೇಕು. ಹೊಡೆಯುವವರು, ಹೊಗೆ ಹಾಕುವವರು, ಉಪವಾಸ ಕೂರಿಸುವವರು, ಮಾತ್ರೆ ನಿಲ್ಲಿಸಿ ಅನ್ನುವವರು ಯಾರೇ ಆಗಲಿ, ಆ ಜಾಗದಿಂದ ಎದ್ದು ಬನ್ನಿ. ಕಟ್ಟಿ ಹಾಕುವುದಂತೂ ಬೇಡವೇ ಬೇಡ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ನಮ್ಮ ಸೋದರ ಮಾವ ದೈವಸ್ಥಾನದ ಕೆಲಸದಲ್ಲಿ ಇರುವವರು. ಅವರಿಗೆ ನಾನೇ ಹೋಗಿ ಎಲ್ಲ ಹೇಳಿದೆ. ಮನೆಯವರೆಲ್ಲರನ್ನೂ ಕೂರಿಸಿ ಅವರು ಹೇಳಿದರು, "ಹರಕೆ ನಾನು ನೋಡ್ಕೊಳ್ತೇನೆ. ಮಾತ್ರೆ ತಪ್ಪಿಸಬೇಡಿ." ನಾನು ನೂರು ಸಲ ಹೇಳಿದರೂ ಕೇಳದ ಚಿಕ್ಕಮ್ಮ ಆಮೇಲೆ ಮಾತಾಡಲಿಲ್ಲ. ನಿಮ್ಮ ಕುಟುಂಬದಲ್ಲೂ ಅಂಥವರೊಬ್ಬರು ಇರುತ್ತಾರೆ. ಅವರನ್ನು ಮೊದಲೇ ನಿಮ್ಮ ಕಡೆ ಮಾಡಿಕೊಳ್ಳಿ.

ಮಾತ್ರೆಯ ಮೊದಲ ವಾರಗಳು

ತಮ್ಮನಿಗೆ ಕೊಟ್ಟದ್ದು ರಿಸ್ಪೆರಿಡೋನ್ ಎಂಬ ಸೈಕೋಸಿಸ್ ಮಾತ್ರೆ. ಕಡಿಮೆ ಡೋಸ್‌ನಿಂದ ಶುರು. ಮೂರನೇ ದಿನ ಸಂಜೆ ಅವನ ಕುತ್ತಿಗೆ ಒಂದು ಕಡೆಗೆ ಎಳೆಯಿತು. ದವಡೆ ಬಿಗಿಯಿತು. ಕಣ್ಣು ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಚಿಕ್ಕಮ್ಮ ಕೂಗಿಕೊಂಡರು, "ಮೈಮೇಲೆ ಬಂತು, ಮಾತ್ರೆ ಕೊಟ್ಟದ್ದಕ್ಕೆ ಸಿಟ್ಟಾಗಿದೆ!" ನನಗೂ ಕೈಕಾಲು ನಡುಗಿತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಡ್ಯೂಟಿ ಡಾಕ್ಟರ್ ನೋಡಿದ ಕೂಡಲೇ ಹೇಳಿದರು, "ಇದು ಔಷಧಿಯಿಂದ ಸ್ನಾಯು ಹಿಡಿದದ್ದು." ಒಂದು ಇಂಜೆಕ್ಷನ್. ಅರ್ಧ ಗಂಟೆಯೊಳಗೆ ಕುತ್ತಿಗೆ ನೇರವಾಯಿತು. ಅವನು ಮೊದಲು ಕೇಳಿದ್ದು, "ಅಕ್ಕ, ಹಸಿವಾಗ್ತಿದೆ."

ಇದು ಎಲ್ಲರಿಗೂ ಆಗುವುದಿಲ್ಲ. ಆಗುವುದಾದರೆ ಹೆಚ್ಚಾಗಿ ಮೊದಲ ದಿನಗಳಲ್ಲಿ. ಮೊದಲೇ ಗೊತ್ತಿದ್ದರೆ ಹೆದರಿಕೆ ಅರ್ಧ ಕಡಿಮೆ. ಅದಕ್ಕೆ ಮಾತ್ರೆ ಬರೆದ ದಿನವೇ ಕೇಳಿ: ಕುತ್ತಿಗೆ ಹಿಡಿದರೆ ಏನು ಮಾಡಬೇಕು, ರಾತ್ರಿ ಯಾರಿಗೆ ಫೋನ್ ಮಾಡಬೇಕು. ಇನ್ನೊಂದು, ಕೂತಲ್ಲಿ ಕೂರಲಾಗದೆ ಕಾಲು ಕುಣಿಸುತ್ತಾ ಓಡಾಡುವುದು. ಕಾಯಿಲೆ ಜೋರಾಯಿತು ಅಂತ ಮನೆಯವರಿಗೆ ಕಾಣುತ್ತದೆ, ಆದರೆ ಅದೂ ಔಷಧಿಯದ್ದೇ ಇರಬಹುದು. ಡಾಕ್ಟರಿಗೆ ಹೇಳಿದರೆ ಬದಲಾಯಿಸುತ್ತಾರೆ.

ನಿದ್ದೆ ಕೆಲವೇ ದಿನಗಳಲ್ಲಿ ಬರುತ್ತದೆ. ದನಿ, ಸಂಶಯ ಕಡಿಮೆಯಾಗಲು ವಾರಗಳು ಬೇಕು. "ಹತ್ತು ದಿನ ಆಯ್ತು, ಇನ್ನೂ ಹಾಗೇ ಇದ್ದಾನೆ" ಅಂತ ಡಾಕ್ಟರ್ ಬದಲಾಯಿಸಬೇಡಿ. ವಿಸಿಲ್ ಬಗ್ಗೆ ತಮ್ಮ "ಊದ್ತಾರೆ, ಆದ್ರೆ ನಂಗೆ ಅಲ್ವೇನೋ" ಅಂದದ್ದು ಆರನೇ ವಾರದಲ್ಲಿ. ನೋಟ್‌ಬುಕ್‌ನಲ್ಲಿ ಆ ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ.

ಹಸಿವು ವಿಪರೀತ ಜಾಸ್ತಿಯಾಗುತ್ತದೆ. ಐದು ತಿಂಗಳಲ್ಲಿ ತಮ್ಮನ ತೂಕ ಒಂಬತ್ತು ಕಿಲೋ ಏರಿತು. 20 ವರ್ಷದ ಹುಡುಗನಿಗೆ ಅದು ಸಣ್ಣ ವಿಷಯ ಅಲ್ಲ. ಎಷ್ಟೋ ಜನ ಮಾತ್ರೆ ಬಿಡುವುದೇ ಇದಕ್ಕೆ. ಶುರುವಿನಲ್ಲೇ ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಕೊಲೆಸ್ಟರಾಲ್ ಬರೆದಿಡಿ. ಮೂರು ತಿಂಗಳಿಗೆ ಮತ್ತೆ ನೋಡಿ. ಮನೆಯಲ್ಲಿ ಬೇಕರಿ ತಿಂಡಿ ತರುವುದನ್ನು ಎಲ್ಲರೂ ಬಿಡಿ, ಅವನೊಬ್ಬನಿಗೆ ಮಾತ್ರ ಬೇಡ ಅನ್ನಬೇಡಿ. ಹುಡುಗಿಯರಿಗೆ ಮುಟ್ಟು ನಿಂತರೆ, ಹುಡುಗರಿಗೆ ಎದೆ ಊದಿಕೊಂಡರೆ ನಾಚಿಕೆ ಬಿಟ್ಟು ಹೇಳಿ. ಔಷಧಿ ಬೇರೆಯೂ ಇದೆ.

ಎಷ್ಟು ದಿನ ತಗೊಳ್ಳಬೇಕು? ಮೊದಲ ಸಲ ಆದರೆ, ಪೂರ್ತಿ ಗುಣವಾದ ಮೇಲೂ ಸಾಮಾನ್ಯವಾಗಿ ಒಂದೆರಡು ವರ್ಷ. ಬಿಡುವುದಾದರೆ ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿಕೊಂಡು. 1999ರಲ್ಲಿ ಅಮೆರಿಕದಲ್ಲಿ ಬಂದ ಒಂದು ಅಧ್ಯಯನದಲ್ಲಿ, ಮಾತ್ರೆ ನಿಲ್ಲಿಸಿದವರಿಗೆ ಕಾಯಿಲೆ ಮರುಕಳಿಸುವ ಸಾಧ್ಯತೆ ಸುಮಾರು 5 ಪಟ್ಟು ಇತ್ತು.

ಕಾಯಬಾರದ ಹೊತ್ತು

ಸಾಯಬೇಕು ಅಂತ ಹೇಳಿದರೆ, ದನಿಗಳು ಏನಾದರೂ ಮಾಡು ಅಂತ ಅಪ್ಪಣೆ ಕೊಡುತ್ತಿದ್ದರೆ, ಊಟ ನೀರು ಬಿಟ್ಟರೆ, ಕಲ್ಲಿನ ಹಾಗೆ ಮಾತಿಲ್ಲದೆ ಕೂತರೆ, ಜ್ವರ, ಫಿಟ್ಸ್, ತೀರಾ ಗೊಂದಲ ಇದ್ದರೆ ಅಪಾಯಿಂಟ್‌ಮೆಂಟ್ ನೋಡಬೇಡಿ, ಸೀದಾ ಕ್ಯಾಶುವಾಲ್ಟಿಗೆ ಹೋಗಿ. 108ಕ್ಕೆ ಫೋನ್ ಮಾಡಿ. ಬಾಣಂತಿಯಲ್ಲಿ ಹೀಗಾದರೆ ಇನ್ನೂ ಅವಸರ. ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ನಿದ್ದೆ ಬಿಟ್ಟು ಏನೇನೋ ಮಾತಾಡಿದರೆ ಅದು ಬಾಣಂತಿ ಸನ್ನಿ ಇರಬಹುದು, ಅವತ್ತೇ ತೋರಿಸಿ. ಮಗುವಿನ ಹತ್ತಿರ ಯಾರಾದರೂ ಇರಿ.

"ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಕೇಳಿದರೆ ಹಗುರಾಗುತ್ತದೆ. ತೋಟದ ಔಷಧಿ, ಮನೆಯಲ್ಲಿ ಉಳಿದ ಮಾತ್ರೆ ಎಲ್ಲ ಬೀಗ ಹಾಕಿಡಿ. ನಾವು ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದೆವು. ಕೇಳಿದವರಿಗೆ ಎಲೆ ಬೀಳುತ್ತದೆ ಅಂದೆವು.

ಅಪಾಯ ಇದ್ದು ಅವನು ಆಸ್ಪತ್ರೆಗೆ ಒಪ್ಪದಿದ್ದರೆ ಕಾನೂನಿನಲ್ಲಿ ದಾರಿ ಇದೆ. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಿ, ಅವನ ಪರವಾಗಿ ಮಾತಾಡುವ ಪ್ರತಿನಿಧಿಯ ಕೋರಿಕೆಯ ಮೇಲೆ 30 ದಿನಗಳವರೆಗೆ ದಾಖಲು ಮಾಡಿಕೊಳ್ಳಬಹುದು. ಆ ಪ್ರತಿನಿಧಿ ಯಾರು ಅಂತ ಅವನು ಚೆನ್ನಾಗಿರುವಾಗಲೇ ಬರೆದುಕೊಡಬಹುದು. ಹೇಗೆ ಚಿಕಿತ್ಸೆ ಬೇಕು, ಯಾವುದು ಬೇಡ ಅಂತಲೂ ಬರೆದಿಡಬಹುದು. ತಮ್ಮ ನನ್ನ ಹೆಸರು ಬರೆದಿದ್ದಾನೆ.

ಮನೆಯ ಮಾತು

ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಂಶೋಧಕರು ಮತ್ತು ಜೊತೆಯವರು 1950ರ ದಶಕದಿಂದಲೇ ಒಂದು ವಿಷಯ ಗಮನಿಸಿದ್ದರು. ಆಸ್ಪತ್ರೆಯಿಂದ ಮನೆಗೆ ಹೋದವರಲ್ಲಿ, ಯಾವಾಗಲೂ ತಪ್ಪು ಹುಡುಕುವ ಅಥವಾ ಉಸಿರುಗಟ್ಟುವಷ್ಟು ಕಾಳಜಿ ಮಾಡುವ ಮನೆಗಳಿಗೆ ಹೋದವರಿಗೆ ಕಾಯಿಲೆ ಬೇಗ ಮರುಕಳಿಸುತ್ತಿತ್ತು. ಆಮೇಲೆ ಚಂಡೀಗಢದಲ್ಲೂ ಬೇರೆ ಸಂಶೋಧಕರು ಇದನ್ನೇ ನೋಡಿದರು. ನಮ್ಮ ದೇಶದ ಮನೆಗಳಲ್ಲಿ ಆ ಚುಚ್ಚುಮಾತು ಕಡಿಮೆ ಕಂಡಿತು. ನಮ್ಮ ಕೈಯಲ್ಲಿ ಅಂಥದ್ದೊಂದು ಒಳ್ಳೆಯದಿದೆ, ಅದನ್ನು ಕಳೆದುಕೊಳ್ಳಬಾರದು ಅಲ್ವಾ?

ಅಮ್ಮ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದರು, "ಮಾತ್ರೆ ತಗೊಂಡ್ಯಾ?" ಫೋನಿನಲ್ಲಿ ಮುಂಬಯಿಯ ದೊಡ್ಡಪ್ಪನದ್ದೂ ಅದೇ ಮೊದಲ ಮಾತು. ಡಾಕ್ಟರ್ ಒಂದು ನಿಯಮ ಮಾಡಿದರು. ಮಾತ್ರೆಯ ಮಾತು ಒಬ್ಬರು ಮಾತ್ರ, ದಿನಕ್ಕೆ ಒಂದೇ ಸಲ. ರಾತ್ರಿ ಊಟದ ತಟ್ಟೆಯ ಪಕ್ಕ ನಾನು ಡಬ್ಬಿ ಇಡುತ್ತಿದ್ದೆ, ಅಷ್ಟೇ. ಉಳಿದವರು ಅವನ ಹತ್ತಿರ ಮೀನಿನ ರೇಟು, ಮಳೆ, ಕ್ರಿಕೆಟ್ ಮಾತಾಡಬೇಕು. ಅಮ್ಮನಿಗೆ ಇದು ತುಂಬ ಕಷ್ಟವಾಯಿತು. ಅಮ್ಮನಿಗೂ ಯಾರಾದರೂ ಬೇಕು ಅಂತ ಆಗ ನಮಗೆ ಹೊಳೆಯಲಿಲ್ಲ. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಅಮ್ಮನನ್ನು ಬೇರೆ ಕೂರಿಸಿ ಮಾತಾಡಿದ ದಿನ ಅವರು ಒಂದು ಗಂಟೆ ಅತ್ತರು. ನಿಮ್ಮಲ್ಲೂ ಅಂಥ ಒಂದು ಗಂಟೆ ಕೇಳಿ ತೆಗೆದುಕೊಳ್ಳಿ.

ಓದು, ಕೆಲಸ, ಮತ್ತೆ ಬಂದಾಗ

ಕಾಲೇಜಿಗೆ ಒಂದೇ ಸಲ ಪೂರ್ತಿ ಕಳಿಸಬೇಡಿ. ತಮ್ಮ ಒಂದು ವರ್ಷ ಬಿಟ್ಟು, ಉಳಿದ ವಿಷಯಗಳನ್ನು ಎರಡೆರಡಾಗಿ ಬರೆದ. ಕಾಲೇಜಿನಲ್ಲಿ ಯಾರಿಗೆ ಎಷ್ಟು ಹೇಳಬೇಕು ಅಂತ ಅವನನ್ನೇ ಕೇಳಿ. ಅವನು ಒಬ್ಬ ಲೆಕ್ಚರರ್‌ಗೆ ಮಾತ್ರ ಹೇಳು ಅಂದ. ಅಷ್ಟೇ ಹೇಳಿದೆವು.

2019ರಲ್ಲಿ ಕಾಯಿಲೆ ಒಮ್ಮೆ ಮತ್ತೆ ಬಂತು. ದುಬೈ ಕೆಲಸದ ಆಸೆ. ಮಾತ್ರೆ ತಗೊಂಡರೆ ಮೆಡಿಕಲ್‌ನಲ್ಲಿ ಫೇಲ್ ಮಾಡ್ತಾರೆ ಅಂತ ಸಂಬಂಧಿಕರೊಬ್ಬರು ಹೇಳಿದರು. ಯಾರಿಗೂ ಹೇಳದೆ ನಿಲ್ಲಿಸಿದ. ಐದನೇ ವಾರ ಮತ್ತೆ ಬಸ್ ಬಿಟ್ಟು ನಡೆದು ಬಂದ. ಈ ಸಲ ಬಸ್ಸಿನ ದುಡ್ಡು ಅಂತ ಯಾರೂ ಹೇಳಲಿಲ್ಲ. ಮೂರನೇ ದಿನ ಡಾಕ್ಟರ ಎದುರು ಇದ್ದೆವು. ಆಸ್ಪತ್ರೆಯಲ್ಲಿ ಇರಬೇಕಾಗಲಿಲ್ಲ. ಗಲ್ಫಿಗೆ ಹೋಗುವುದೇ ಆದರೆ ಡಾಕ್ಟರ ಪತ್ರ, ಪ್ರಿಸ್ಕ್ರಿಪ್ಷನ್ ಇಟ್ಟುಕೊಂಡು, ಆ ದೇಶದ ಔಷಧಿಯ ನಿಯಮ ಮೊದಲೇ ವಿಚಾರಿಸಿ. ಗುಟ್ಟಾಗಿ ನಿಲ್ಲಿಸಿ ಹೋಗುವುದು ಬೇಡ.

ಈಗ ಅವನು ಮಲ್ಪೆಯಲ್ಲಿ ಬಲೆ, ಹಗ್ಗ ಮಾರುವ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಬಸ್ಸಿನಲ್ಲೇ ಹೋಗುತ್ತಾನೆ. ಜೂನ್, ಜುಲೈ ಮೀನುಗಾರಿಕೆ ನಿಷೇಧದ 61 ದಿನ ಅಂಗಡಿಯಲ್ಲಿ ಕೆಲಸ ಕಡಿಮೆ. ಮಳೆ, ಮನೆಯಲ್ಲೇ ಕೂರುವುದು, ಹಗಲು ನಿದ್ದೆ. ಆ ಎರಡು ತಿಂಗಳು ನಾವು ಬೆಳಗ್ಗೆ ಏಳುವ ಹೊತ್ತನ್ನು ಬಿಡುವುದಿಲ್ಲ.

2019ರ ನಂತರ ಇಬ್ಬರೂ ಕೂತು ಒಂದು ಹಾಳೆ ಬರೆದೆವು. ಮತ್ತೆ ಶುರುವಾಗುವ ಮೊದಲು ಅವನಲ್ಲಿ ಏನು ಕಾಣುತ್ತದೆ ಅಂತ. ಅವನು ಹೇಳಿದ, ನಾನು ಬರೆದೆ. ಎರಡು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ನಿದ್ದೆ. ಸ್ನಾನ ಬಿಡುವುದು. ಇಡೀ ದಿನ ಇಯರ್‌ಫೋನ್. ಬಸ್ಸಿನಲ್ಲಿ ಹಿಂದಿನ ಸೀಟೇ ಬೇಕು ಅನ್ನುವುದು. ಇದರಲ್ಲಿ ಎರಡು ಕಂಡರೆ ಅಕ್ಕ ಕೇಳಬಹುದು, ನಾನು ಸಿಟ್ಟಾಗುವುದಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತೇವೆ. ಕೆಳಗೆ ಅವನ ಸಹಿ, ನನ್ನ ಸಹಿ, ಡಾಕ್ಟರ ನಂಬರ್, 14416. ಒಂದು ಪ್ರತಿ ಅವನ ಕಪಾಟಿನ ಬಾಗಿಲ ಒಳಗೆ, ಒಂದು ನನ್ನ ಬ್ಯಾಗಿನಲ್ಲಿ. ನೀವೂ ಅವರು ಗುಣವಾಗಿರುವ ದಿನ ನೋಡಿ ಇಂಥದ್ದೊಂದು ಬರೆಯಿರಿ, ಅವರ ಮಾತಿನಲ್ಲೇ.

ಅವನು ಸೇರಿಸಲು ಹೇಳಿದ್ದು ಇದು. ಆ ಹಾಳೆಯ ಕೊನೆಯ ಸಾಲು, ಅವನೇ ಪೆನ್ನು ತಗೊಂಡು ಬರೆದದ್ದು: "ನನಗೆ ಸುಮ್ನೆ ಸಿಟ್ಟು ಬರುವುದೂ ಉಂಟು, ಬೇಜಾರಾಗುವುದೂ ಉಂಟು. ಅದಕ್ಕೆಲ್ಲ ಮಾತ್ರೆ ಸರಿ ತಗೊಂಡ್ಯಾ ಅಂತ ಕೇಳಬೇಡಿ."